ಎಲ್ಲೂ ನಿಲ್ಲದ ಸ್ಕ್ಯಾನ್

ಮಲವಗೊಪ್ಪದ ಅಮೂಲ್ಯ ಮಾಚೇನಹಳ್ಳಿಯ ಸಣ್ಣ ಕಂಪನಿಯೊಂದರಲ್ಲಿ ಎಂಜಿನಿಯರ್. ಆಸ್ಪತ್ರೆಗಳು ಕಳಿಸುವ ತಲೆಯ ಸ್ಕ್ಯಾನ್‌ಗಳಲ್ಲಿ ರಕ್ತಸ್ರಾವವಿದೆಯೇ ಎಂದು ಕಂಪ್ಯೂಟರಿನಿಂದ ಹುಡುಕಿ ತಿಳಿಸುವುದು ಕಂಪನಿಯ ಕೆಲಸ. ಅದಕ್ಕಾಗಿ ಶಿವಮೊಗ್ಗ, ಮಾಚೇನಹಳ್ಳಿ, ಭದ್ರಾವತಿಗಳಲ್ಲಿ ಒಂದೊಂದು ಸರ್ವರ್ ಇತ್ತು.

ಯಾವ ಸ್ಕ್ಯಾನ್ ಎಲ್ಲಿಗೆ ಹೋಗಬೇಕೆಂಬ ನಿಯಮ ಅಮೂಲ್ಯಳದು. ಪ್ರತಿ ಆಸ್ಪತ್ರೆಯ ಕಂಪ್ಯೂಟರೂ ಆಟಗಾರನಂತೆ, ತನ್ನ ಕೆಲಸ ಬೇಗ ಮುಗಿಯುವ ಸರ್ವರನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಕೊನೆಗೆ ಯಾರಿಗೂ ಜಾಗ ಬದಲಿಸಿ ಲಾಭವಿಲ್ಲದ ಸಮತೋಲನ ತಾನಾಗಿ ಬರುತ್ತದೆ ಎಂಬುದು ಅವಳು ಓದಿದ್ದ ಆಟದ ಸಿದ್ಧಾಂತ. ಹಲವು ತಿಂಗಳು ಹಾಗೆಯೇ ನಡೆಯಿತು.

ಒಂದು ಬೆಳಿಗ್ಗೆ ಭದ್ರಾವತಿಯ ಸರ್ವರ್ ಕೆಟ್ಟು ನಿಂತಿತು. ಕೆಲಸವೆಲ್ಲ ಶಿವಮೊಗ್ಗಕ್ಕೆ ನುಗ್ಗಿತು. ಅಲ್ಲಿ ಸಾಲು ಉದ್ದವಾದದ್ದು ಕಂಡು ಎಲ್ಲವೂ ಒಟ್ಟಿಗೇ ಮಾಚೇನಹಳ್ಳಿಗೆ ಹಾರಿದವು. ಅದೂ ತುಂಬಿದ್ದೇ ಮತ್ತೆ ಶಿವಮೊಗ್ಗಕ್ಕೆ. ಹಾರಿದಾಗಲೆಲ್ಲ ಕೆಲಸ ಮೊದಲಿನಿಂದ ಶುರುವಾಗುತ್ತಿದ್ದುದರಿಂದ ಒಂದು ಸ್ಕ್ಯಾನೂ ಮುಗಿಯಲಿಲ್ಲ.

ಭದ್ರಾವತಿಯ ಆಸ್ಪತ್ರೆಯಿಂದ ಡಾಕ್ಟರ್ ವಿಜಯೇಂದ್ರ ಫೋನ್ ಮಾಡಿದರು. “ಮೇಡಂ, ಬೈಕಿಂದ ಬಿದ್ದವರೊಬ್ರು ಬಂದಿದಾರೆ. ಜ್ಞಾನ ತಪ್ತಾ ಇದೆ. ಸ್ಕ್ಯಾನ್ ನೋಡೋರು ಇವತ್ತು ರಜ, ನಿಮ್ಮ ರಿಪೋರ್ಟೇ ಗತಿ.”

ಅಮೂಲ್ಯ ಆ ಸ್ಕ್ಯಾನನ್ನು ಪರದೆಯಲ್ಲಿ ಹುಡುಕಿದಳು. ಅದೊಂದನ್ನೇ ಹಿಡಿದು ಮುಂದೆ ತಳ್ಳೋಣವೆಂದರೆ, ಕೈಗೆ ಸಿಗುವಷ್ಟರಲ್ಲಿ ಅದು ಇನ್ನೊಂದು ಸರ್ವರಿಗೆ ಹಾರಿರುತ್ತಿತ್ತು.

“ಎಲ್ಲ ಆಫ್ ಮಾಡಿ ಆನ್ ಮಾಡು,” ಎಂದರು ಮೇಲಧಿಕಾರಿ ದೇವರಾಜ್.

“ಕಾಯ್ತಿರೋ ಸ್ಕ್ಯಾನೆಲ್ಲ ಅಳಿಸಿಹೋಗ್ತವೆ ಸಾರ್. ನಿಯಮಾನೇ ಬದಲಾಯಿಸ್ತೀನಿ.”

“ಟೆಸ್ಟ್ ಮಾಡ್ದೆ? ತಪ್ಪಾದ್ರೆ ಉಳಿದ ಎರಡು ಸರ್ವರೂ ಬೀಳ್ತವೆ ಮಾರಾಯ್ತಿ.”

“ಗೊತ್ತು ಸಾರ್.”

ಗೊತ್ತಿದ್ದದ್ದೇ ಭಯ. ಹೊಸ ನಿಯಮದಲ್ಲಿ ಪ್ರತಿ ಕಂಪ್ಯೂಟರೂ ತನ್ನಿಂದ ಇತರರಿಗಾಗುವ ತಡವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಮ್ಮೆಗೆ ಕೆಲವು ಮಾತ್ರ, ಚೀಟಿ ಎತ್ತಿದಂತೆ, ಜಾಗ ಬದಲಿಸಬೇಕು ಎಂದು ಬರೆಯತೊಡಗಿದಳು. ಅವಸರದಲ್ಲಿ ಅಕ್ಷರಗಳು ತಪ್ಪುತ್ತಿದ್ದವು. ಅಳಿಸಿದಳು, ಬರೆದಳು. ಫೋನ್ ಮತ್ತೆ ಬಡಿದುಕೊಂಡಿತು. ಎತ್ತಲು ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ಹೊಸ ನಿಯಮ ಜಾರಿಗೆ ತರುವ ಗುಂಡಿ ಒತ್ತಿದಳು.

ತೆರೆದಾಗ ಪರದೆ ಹಾಗೇ ಇತ್ತು. ದೇವರಾಜ್ ಅವಳ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ನಂತರ ಶಿವಮೊಗ್ಗದಲ್ಲಿ ಒಂದು ಸ್ಕ್ಯಾನ್ ಮುಗಿಯಿತು. ಇನ್ನೊಂದು. ಆ ಗಾಯಾಳುವಿನದೂ ಬಂತು: ತಲೆಯೊಳಗೆ ರಕ್ತ. ವಿಜಯೇಂದ್ರ ಕೂಡಲೇ ಅವರನ್ನು ಶಿವಮೊಗ್ಗಕ್ಕೆ ಶಸ್ತ್ರಚಿಕಿತ್ಸೆಗೆ ಕಳಿಸಿದರು.

ಬೈಕಿನಿಂದ ಬಿದ್ದಿದ್ದ ಕಿರಾಣಿ ವ್ಯಾಪಾರಿ ಷಡಕ್ಷರಪ್ಪ ಬದುಕಿದರು. ಬಲಗೈ ಮಾತ್ರ ಸ್ವಾಧೀನಕ್ಕೆ ಬರಲಿಲ್ಲ.

“ತಡ ಆಗಿದ್ದಕ್ಕೇ ಹಾಗಾಯ್ತಾ ಡಾಕ್ಟ್ರೇ?” ಎಂದು ಅಮೂಲ್ಯ ಕೇಳಿದಳು.

“ಹೇಳೋಕಾಗಲ್ಲ ಮೇಡಂ,” ಎಂದರು ವಿಜಯೇಂದ್ರ.

ಈಗ ಕಂಪನಿಯಲ್ಲಿ ಆಗಾಗ ಒಂದು ಸರ್ವರನ್ನು ಬೇಕೆಂದೇ ನಿಲ್ಲಿಸಿ, ಉಳಿದವು ತಡೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ನಿಲ್ಲಿಸುವುದು ಅಮೂಲ್ಯಳೇ. ಅದಕ್ಕೆ ಮುಂಚೆ ಅವಳು ವಿಜಯೇಂದ್ರರಿಗೆ ಫೋನ್ ಮಾಡಿ, ತುರ್ತಿನವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಾಳೆ.