ಬೀರುವಿನಲ್ಲಿ ತೆಗೆದ ಲಿಫ್ಟಿನ ಸಿನಿಮಾ

ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ ಮೊದಲ ಸಲ ಕಿರುಚಿತ್ರ ತೆಗೆದರೆ ಅದರಲ್ಲಿ ಲಿಫ್ಟು ಇರದೆ ಇನ್ನೇನಿರುತ್ತದೆ? ನಮ್ಮ ಮೆಕ್ಯಾನಿಕ್ಕು ತೆಗೆದ ಕತೆ ಇಷ್ಟೇ: ಹೆಂಡತಿಯೊಡನೆ ಜಗಳವಾಡಿ ಮನೆಯಿಂದ ಹೊರಟವನೊಬ್ಬ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಕ್ಷಮೆ ಕೇಳುವುದು ಹೇಗೆಂದು ಒಬ್ಬನೇ ಅಭ್ಯಾಸ ಮಾಡುತ್ತಾನೆ. ಬಾಗಿಲು ತೆರೆಯುವ ಹೊತ್ತಿಗೆ ಎಲ್ಲ ಮರೆತಿರುತ್ತಾನೆ. ಒಟ್ಟು ಒಂಬತ್ತು ನಿಮಿಷ. ನಾಯಕನ ಪಾತ್ರಕ್ಕೆ ಮೆಕ್ಯಾನಿಕ್ಕಿನ ಹೆಂಡತಿಯ ತಮ್ಮನೇ ಸಿಕ್ಕಿದ. ಅವನು ಕ್ಷೌರಿಕ, ದಿನವಿಡೀ ಕನ್ನಡಿಯ ಮುಂದೆ ನಿಂತು ರೂಢಿಯಾದ್ದರಿಂದ ಮೊಬೈಲಿನ ಕ್ಯಾಮೆರಾಕ್ಕೆ ಕಿಂಚಿತ್ತೂ ಹೆದರಲಿಲ್ಲ.

ಮೆಕ್ಯಾನಿಕ್ಕು ತಾನೇ ನೋಡಿಕೊಳ್ಳುತ್ತಿದ್ದ ಏಳು ಮಹಡಿಯ ಕಟ್ಟಡದಲ್ಲಿ ‘ರಿಪೇರಿ ನಡೆಯುತ್ತಿದೆ’ ಎಂಬ ಬೋರ್ಡು ತೂಗುಹಾಕಿ, ಲಿಫ್ಟನ್ನು ಮೂರನೇ ಮಹಡಿಯಲ್ಲಿ ನಿಲ್ಲಿಸಿ, ಚಿತ್ರೀಕರಣ ಶುರು ಮಾಡಿದ. ಒಂದು ಗಂಟೆ ಸುಸೂತ್ರವಾಗಿ ನಡೆಯಿತು. ಆಮೇಲೆ ಆ ಮಹಡಿಯವರೊಬ್ಬರು ಬಾಗಿಲಿಗೆ ಕಿವಿಗೊಟ್ಟರೆ, ಒಳಗಿಂದ ಗಂಡಸಿನ ದನಿ: “ತಪ್ಪಾಯ್ತು ಕಣೇ, ಕ್ಷಮಿಸಿಬಿಡು.” ಅದೇ ಮಾತು ಹದಿನಾಲ್ಕು ಸಲ. ಅವರು ಕಾವಲುಗಾರನನ್ನು ಕರೆದರು. ಅರ್ಧ ಚಿತ್ರಕ್ಕೇ ಗಂಟುಮೂಟೆ ಕಟ್ಟಬೇಕಾಯಿತು.

ಉಳಿದರ್ಧವನ್ನು ಮಲಗುವ ಕೋಣೆಯ ಕಬ್ಬಿಣದ ಬೀರುವಿನಲ್ಲಿ ತೆಗೆದ. ಹಲಗೆಗಳನ್ನು ಕಳಚಿ, ಒಳಗೋಡೆಗೆ ಶರ್ಟಿನ ಗುಂಡಿಗಳನ್ನು ಸಾಲಾಗಿ ಅಂಟಿಸಿ, ಭಾವಮೈದನನ್ನು ಒಳಗೆ ನಿಲ್ಲಿಸಿದ.

“ರೀ, ನನ್ನ ಬಟ್ಟೆ ಎಲ್ಲಿಡ್ಲಿ?” ಎಂದಳು ಹೆಂಡತಿ.

“ಮಂಚದ ಮೇಲಿಡು. ಒಂದೇ ದಿನದ ಮಾತು.”

ಊರಿನಲ್ಲಿ ಹವ್ಯಾಸಿ ಚಿತ್ರ ಮಾಡುವವರ ಬಳಗವೊಂದಿತ್ತು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ ಸೇರುತ್ತಿದ್ದರು. ಡಾಕ್ಟರರೇ ಅಧ್ಯಕ್ಷರು. ಭೂಗೋಳದ ಟೀಚರು ಕಾರ್ಯದರ್ಶಿ. ಬಳಗಕ್ಕೆ ಒಂದೇ ನಿಯಮ: ಅಭಿಪ್ರಾಯ ಹೇಳುವಾಗ ಚಿತ್ರ ಮಾಡಿದವರು ತುಟಿ ಬಿಚ್ಚಬಾರದು. ಹೊಸಬನ ಕಸುಬೇನೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮೆಕ್ಯಾನಿಕ್ಕು ಅಲ್ಲಿ ತೋರಿಸಿದ ಚಿತ್ರ ಮುಗಿಯಿತು. ಡಾಕ್ಟರರು ಕನ್ನಡಕ ಒರೆಸಿಕೊಂಡರು.

“ಎರಡನೇ ಅರ್ಧ ಅದ್ಭುತ. ಅದು ಲಿಫ್ಟು ಅಂದ್ರೆ! ಉಸಿರು ಕಟ್ಟುತ್ತೆ. ಆದ್ರೆ ಮೊದಲರ್ಧ... ಅದು ಲಿಫ್ಟ್ ಥರಾನೇ ಇಲ್ವಲ್ಲ. ಏನೋ ಡಬ್ಬ ತಂದು ನಿಲ್ಲಿಸಿದ ಹಾಗಿದೆ.”

“ಗುಂಡಿಗಳೂ ಅಷ್ಟೇ ಸರ್,” ಎಂದರು ಟೀಚರು. “ಮೊದಲಿನವು ಸುಳ್ಳು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಅಣ್ಣಾ, ತಪ್ಪು ತಿಳ್ಕೋಬೇಡಿ, ನೀವು ಲಿಫ್ಟನ್ನ ಒಂದ್ಸಲ ಸರಿಯಾಗಿ ಗಮನಿಸ್ಬೇಕು.”

ಮೆಕ್ಯಾನಿಕ್ಕಿನ ಮುಖ ಕೆಂಪೇರಿತು. ಆದರೆ ನಿಯಮ ನಿಯಮವೇ. ಅವನು ಎಲ್ಲವನ್ನೂ ಬರೆದುಕೊಂಡ. ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ, ಇಷ್ಟು ಓದಿದವರು ಸುಮ್ಮನೆ ಹೇಳಿರಲಾರರು ಅನ್ನಿಸಿತು. ಮೊದಲರ್ಧವನ್ನೂ ಬೀರುವಿನಲ್ಲೇ ಮತ್ತೆ ತೆಗೆಯಲು ನಿಶ್ಚಯಿಸಿದ.

ಅದಕ್ಕೆ ಮೂರು ಭಾನುವಾರ ಹಿಡಿಯಿತು. ಭಾವಮೈದನಿಗೆ ಬೀರು ಎಷ್ಟು ಒಗ್ಗಿಹೋಯಿತೆಂದರೆ ಬಿಡುವಿನಲ್ಲೂ ಹೊರಗೆ ಬರುತ್ತಿರಲಿಲ್ಲ. “ಇರ್ಲಿ ಭಾವ, ಇಲ್ಲಿ ಯಾರ ಕಾಟಾನೂ ಇಲ್ಲ,” ಎಂದು ನಿಂತಲ್ಲೇ ತೂಕಡಿಸುತ್ತಿದ್ದ. ಹೆಂಡತಿ ಬಟ್ಟೆಯ ರಾಶಿಯ ಪಕ್ಕದಲ್ಲಿ, ಮಂಚದ ಅಂಚಿನಲ್ಲಿ, ಮೈ ಮುದುರಿಕೊಂಡು ಮಲಗಿದಳು. ನಾಲ್ಕನೆಯ ಭಾನುವಾರ ಅವಳ ತಾಳ್ಮೆ ಕೆಟ್ಟಿತು. ತಾನೂ ಕ್ಲಿನಿಕ್ಕಿಗೆ ಬರುತ್ತೇನೆಂದು ಹೊರಟೇಬಿಟ್ಟಳು.

ಹೊಸ ಚಿತ್ರ ನೋಡಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. “ಈಗ ನೋಡಿ! ನಿಜವಾದ ಲಿಫ್ಟಲ್ಲಿ ತೆಗೆದ್ರೆ ಆ ಕಳೆಯೇ ಬೇರೆ,” ಎಂದರು ಡಾಕ್ಟರರು.

“ಅದು ನಮ್ಮನೆ ಬೀರು,” ಎಂದಳು ಹೆಂಡತಿ. ನಿಯಮ ಚಿತ್ರ ಮಾಡಿದವರಿಗೆ ಮಾತ್ರವಿತ್ತು.

ಡಾಕ್ಟರರು ನಸುನಕ್ಕರು. “ಅದು ನಿಮ್ಮ ಅಭಿಪ್ರಾಯ ತಾಯಿ. ಗೌರವಿಸ್ತೀವಿ.”

“ಅಭಿಪ್ರಾಯ ಅಲ್ರೀ, ಬೀರು! ತಗೊಳ್ಳಿ, ಬೀಗದ ಕೈ.” ಅವಳು ಕೈಚೀಲದಿಂದ ತೆಗೆದು ಮೇಜಿನ ಮೇಲೆ ಕುಕ್ಕಿದಳು. “ಮೊದಲು ತೆಗೆದಿದ್ರಲ್ಲ, ಅದೇ ಲಿಫ್ಟು. ಇವರು ಲಿಫ್ಟ್ ರಿಪೇರಿ ಮಾಡೋರು. ಇಪ್ಪತ್ತಾರು ವರ್ಷದಿಂದ!”

ಟೀಚರು ಬೀಗದ ಕೈಯನ್ನು ಎತ್ತಿ ಬೆಳಕಿಗೆ ಹಿಡಿದರು.

“ಸಂಸಾರ ಅನ್ನೋದೇ ಬೀಗ ಹಾಕಿದ ಬೀರು,” ಎಂದರು ಮೆಲ್ಲಗೆ. “ಎಂಥ ಅರ್ಥ ಕಂಡ್ಕೊಂಡಿದಾರೆ ಸರ್ ಇವರು!”

ಡಾಕ್ಟರರು ಅದನ್ನು ಬರೆದುಕೊಂಡರು. ಹೆಂಡತಿಯನ್ನು ಅವತ್ತೇ ಬಳಗದ ಸದಸ್ಯಳನ್ನಾಗಿ ಮಾಡಿಕೊಂಡರು. ಮೆಕ್ಯಾನಿಕ್ಕಿಗೆ ‘ಅತ್ಯಂತ ನೈಜ ಚಿತ್ರ’ ಎಂಬ ಪ್ರಮಾಣಪತ್ರ ಸಿಕ್ಕಿತು. ಭಾವಮೈದ ಅದನ್ನು ಕೇಳಿ ಇಸಿದುಕೊಂಡು ತನ್ನ ಅಂಗಡಿಯ ಕನ್ನಡಿಯ ಪಕ್ಕ ನೇತುಹಾಕಿದ.

ಮರುದಿನ ಮೆಕ್ಯಾನಿಕ್ಕು ಕೆಲಸಕ್ಕೆ ಹೋದ. ಲಿಫ್ಟಿನೊಳಗೆ ಹೊಕ್ಕು ಗೋಡೆ, ದೀಪ, ಗುಂಡಿ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತ ನಿಂತುಬಿಟ್ಟ. ಹೊರಗೆ ಐದನೇ ಮಹಡಿಯ ಅಜ್ಜಿ ತರಕಾರಿ ಚೀಲ ಹಿಡಿದು ಕಾಯುತ್ತಿದ್ದಳು.

“ಏನಪ್ಪಾ, ಕೆಟ್ಟೋಗಿದ್ಯಾ?”

“ಕೆಟ್ಟಿಲ್ಲಜ್ಜಿ, ಚೆನ್ನಾಗೇ ಓಡ್ತಿದೆ. ಯಾಕೋ ಲಿಫ್ಟ್ ಥರಾ ಕಾಣ್ತಾ ಇಲ್ಲ.”

ಅಜ್ಜಿ ಇಣುಕಿ ನೋಡಿದಳು. “ಹಂಗಾದ್ರೆ ಮೆಟ್ಟಿಲು ಹತ್ಕೊಂಡು ಹೋಗ್ಲಾ?”

ಅವನು ಕೊಂಚ ಯೋಚಿಸಿದ. “ಬೇಡ, ಬನ್ನಿ,” ಎಂದು ಚೀಲ ಇಸಿದುಕೊಂಡು ಐದನ್ನು ಒತ್ತಿದ.