ಹುಕುಂ ಕಾಯದ ಹುಸೇನಸಾಬ

1967ರಲ್ಲಿ ನಾನು ಸಿಂಧನೂರಿನ ಒಂದು ಸಣ್ಣ ಕಂಪನಿಯ ಜನರಲ್ ಮ್ಯಾನೇಜರ್ ಆದೆ. ಕಾಲುವೆಗಳಿಗೆ ಕಬ್ಬಿಣದ ಗೇಟು ತಯಾರಿಸಿ ಕೂಡಿಸುವುದು ನಮ್ಮ ಕೆಲಸ. ಅಲ್ಲಿಯೇ ಇಂಜಿನಿಯರ್ ಆಗಿ ವರ್ಷಗಟ್ಟಲೆ ಮೈಗೆ ಗ್ರೀಸು ಬಳಿದುಕೊಂಡವನು ನಾನು. ಆದರೂ ಹೊಸ ಕುರ್ಚಿಯ ಸಂತೋಷಕ್ಕಿಂತ ಹಿಂದಿನ ವರ್ಷದ ಒಂದು ಸಾವಿನ ಭಾರವೇ ಮನಸ್ಸಿನಲ್ಲಿ ಹೆಚ್ಚಿತ್ತು.

ನಿಜಾಮರ ಕಾಲದಿಂದ ಬಂದ ರೂಢಿಯೊಂದು ನಮ್ಮಲ್ಲಿತ್ತು: ಮೇಲಿನವರ ಹುಕುಂ ಇಲ್ಲದೆ ಯಾರೂ ಯಾವುದಕ್ಕೂ ಕೈ ಹಾಕುವಂತಿಲ್ಲ. ಹಿಂದಿನ ವರ್ಷ ವಳಕಮದಿನ್ನಿಯ ಬಳಿ ಉಪಕಾಲುವೆಯ ಗೇಟು ಮೇಲೆಯೇ ಸಿಕ್ಕಿಕೊಂಡು, ನೀರು ಕಾಲುವೆಯ ಮಣ್ಣಿನ ಏರಿಯನ್ನು ಕೊರೆಯತೊಡಗಿದಾಗ ನಮ್ಮ ಫಿಟ್ಟರ್ ಹುಸೇನಸಾಬ ಅಲ್ಲೇ ಇದ್ದ. ಗೇಟನ್ನು ಹಿಡಿದಿದ್ದ ರಾಡನ್ನು ಗ್ಯಾಸಿನಿಂದ ಕತ್ತರಿಸಿದ್ದರೆ ಗೇಟು ಕೆಳಗೆ ಬಿದ್ದು ನೀರು ನಿಲ್ಲುತ್ತಿತ್ತು. ಆಗಿನ ಮ್ಯಾನೇಜರ್ ಲಿಂಗಸುಗೂರಿಗೆ ಹೋಗಿದ್ದರು. ಹುಸೇನಸಾಬ ಹುಕುಂ ತರಲು ಆಳು ಕಳಿಸಿ ಕಾಯುತ್ತಾ ನಿಂತ. ಆಳು ಮಸ್ಕಿ ದಾಟುವಷ್ಟರಲ್ಲಿ ಏರಿ ಒಡೆಯಿತು. ಮರಳಿನ ಚೀಲ ಒಡ್ಡಲು ಇಳಿದಿದ್ದ ರೈತ ಶಿವಪ್ಪ ನೀರಿನಲ್ಲಿ ಕೊಚ್ಚಿಹೋದ.

ಮ್ಯಾನೇಜರ್ ಆದ ದಿನವೇ ವರ್ಕ್‌ಶಾಪಿನವರನ್ನೆಲ್ಲ ಸೇರಿಸಿದೆ.

"ಇನ್ಮ್ಯಾಲ ಗೇಟಿನ ಮುಂದ ನಿಂತವಂದೇ ಹುಕುಂ. ತಪ್ಪಾದ್ರ ಅದು ನಂದು."

ಆ ಮಳೆಗಾಲದಲ್ಲಿ ಅದೇ ಗೇಟು ಮತ್ತೆ ಮೇಲೆಯೇ ಸಿಕ್ಕಿಕೊಂಡಿತು, ಇಳಿಯಲಿಲ್ಲ. ಹುಸೇನಸಾಬ ಹಿಂದೆಮುಂದೆ ನೋಡದೆ ರಾಡ್ ಕತ್ತರಿಸಿದ. ಆಮೇಲೆ ನೋಡಿದರೆ, ಗೇಟು ಎತ್ತಿ ಇಳಿಸುವ ಹಲ್ಲುಗಾಲಿಯಲ್ಲಿ ಒಂದು ಬೆಣಚುಕಲ್ಲು ಸಿಕ್ಕಿಕೊಂಡಿತ್ತು, ಅಷ್ಟೇ. ಸುತ್ತಿಗೆಯಿಂದ ತಟ್ಟಿದ್ದರೆ ಉದುರುತ್ತಿತ್ತು. ಹೊಸ ರಾಡ್ ತಯಾರಾಗುವವರೆಗೆ ಗೇಟು ಎತ್ತುವಂತಿರಲಿಲ್ಲ. ಅಷ್ಟರಲ್ಲಿ ಮಳೆಯೂ ಕೈಕೊಟ್ಟು ಕೆಳಗಿನ ಗದ್ದೆಗಳ ಭತ್ತ ಒಣಗಿಹೋಯಿತು.

ಮಾಲೀಕರು ಕೆಂಡವಾದರು. "ಅವನ್ನ ಇವತ್ತೇ ಕೆಲಸದಿಂದ ತಗೀರಿ. ಇಲ್ಲಾಂದ್ರ ನಾಳೆ ಎಲ್ಲಾರೂ ಮನಸ್ಸಿಗೆ ಬಂದಂಗ ಕತ್ತರಿಸ್ತಾರ."

ನನಗೂ ಸಿಟ್ಟು ಬಂತು. "ಇವನ್ನ ತಗದ್ರ ನಾಳೆ ಎಲ್ಲಾರೂ ಮತ್ತ ಹುಕುಂ ಕಾಯ್ತಾರ್ರೀ. ಕಾಯಬ್ಯಾಡ್ರಿ ಅಂದವ ನಾನು. ಮೊದಲ ನನ್ನ ತಗೀರಿ."

ಅವರು "ಊರ ಮಂದಿಗೆ ನೀವ ಉತ್ತರ ಕೊಡ್ರಿ" ಎಂದು ಎದ್ದುಹೋದರು.

ರಾಡ್ ಕೂಡಿಸಲು ಹುಸೇನಸಾಬನ ಜೊತೆ ನಾನೂ ವಳಕಮದಿನ್ನಿಗೆ ಹೋದೆ. ರೈತರು ಸುತ್ತುಗಟ್ಟಿ ಬಾಯಿಗೆ ಬಂದಂತೆ ಬೈದರು. ಅವನು ತಲೆ ತಗ್ಗಿಸಿ, "ತಪ್ಪಾತ್ರೀ" ಎಂದ. ಗುಂಪಿನಿಂದ ಶಿವಪ್ಪನ ಹೆಂಡತಿ ಬಸಮ್ಮ ಮುಂದೆ ಬಂದಳು. ಒಣಗಿದ ಗದ್ದೆಗಳಲ್ಲಿ ಅವಳದೂ ಒಂದು.

"ಭತ್ತ ಮತ್ತ ಬೆಳಿತೈತಿ ಬಿಡೋ ಯಣ್ಣಾ. ಹ್ವಾದ ವರ್ಷ ನೀ ಹಿಂಗ ತಪ್ಪು ಮಾಡಿದ್ದಿದ್ರ ನಮ್ಮನಿಯವ್ರು ಇರ್ತಿದ್ರು."

ಹುಸೇನಸಾಬ ಏರಿಯ ಮೇಲೆ ಕುಳಿತು ಅತ್ತುಬಿಟ್ಟ. ನನ್ನ ಕಣ್ಣೂ ತುಂಬಿತು.

ಕೆಲಸಗಾರನ ಕೈಗೆ ಅಧಿಕಾರ ಕೊಟ್ಟ ಮೇಲೆ, ಅವನು ಮೊದಲ ಸಲ ತಪ್ಪಿದ ದಿನ ಅವನ ಪಕ್ಕ ನಿಲ್ಲಬೇಕು. ನನ್ನ ಹುದ್ದೆ ಕಲಿಸಿದ್ದು ಇಷ್ಟೇ. ಆ ಪಾಠಕ್ಕೆ ಬೆಲೆ ತೆತ್ತವಳು ಮಾತ್ರ ಬಸಮ್ಮ. ಎರಡು ಸಲವೂ ಅವಳೇ.