ಬಳೆ ತೆಗೆಯದ ಕೈ

ನಮ್ಮೂರಿಗೆ ಎಸ್‌ಟಿಡಿ ಬೂತ್ ಬಂದ ವರ್ಷ ಮಗಳಿಗೆ ಏಳನೇ ತಿಂಗಳಿಗೇ ಹೆರಿಗೆ ಆಯ್ತು. ಗಂಡು. ಅಂಗೈಯಷ್ಟು ಕೂಸು. ಚಳ್ಳಕೆರೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ಮಗಳ ಹೊಟ್ಟೆ ಕೊಯ್ದಿದ್ದರು, ಏಳೋ ಹಂಗಿರಲಿಲ್ಲ. ಅವಳ ಹಾಲು ಹಿಂಡಿ ಒಳಲೆಯಲ್ಲಿ ಕೂಸಿಗೆ ಕುಡಿಸೋ ಕೆಲಸ ನನಗೆ ಬಿತ್ತು.

ದಿನಾ ಕೊಟ್ಟಿಗೆ ಸಗಣಿ ಬಾಚಿ, ನಮ್ಮೂರು ಕೊಂಡ್ಲಹಳ್ಳಿಯಿಂದ ಮೊದಲನೇ ಬಸ್ಸಿಗೆ ಹೋಗ್ತಿದ್ದೆ. ನರ್ಸು, ಇಪ್ಪತ್ತರ ಹುಡುಗಿ, ಬಾಗಿಲಲ್ಲೇ ನಿಲ್ಲಿಸೋಳು.

"ಅಜ್ಜಿ, ಬಳೆ ತೆಗೀರಿ. ಮೊಣಕೈತನಕ ಸೋಪು ಹಚ್ಚಿ ತೊಳೀರಿ. ದಿನ ತುಂಬದ ಕೂಸು, ಕೈಕೊಳೆ ತಡೆಯಲ್ಲ."

"ಗಂಡ ಬದುಕಿರೋಳು ಬಳೆ ತೆಗೀಬೇಕಾ? ನಿಮ್ಮವ್ವ ತೆಗೀತಾಳೇನು?"

"ನಮ್ಮವ್ವ ಬಂದ್ರೂ ತೆಗೀಬೇಕು, ಅಜ್ಜಿ."

ಮಾತಿಗೆ ಜಾಣೆ. ನಾನು ಅವಳಿಗಿಂತ ಜಾಣೆ ಅಂದ್ಕೊಂಡೆ. ಬಳೆ ಮೇಲಕ್ಕೆ ದೂಡಿ, ಸೆರಗು ಹೊದ್ದು, ಬೆರಳಷ್ಟೇ ನೆನೆಸ್ಕೊಂಡು ಒಳಗೆ ನಡೀತಿದ್ದೆ. "ತೊಳೆದ್ರಾ?" ಅಂದ್ರೆ "ಹ್ಞೂಂ." ಹಾಲು ಕುಡಿಸುವಾಗ ಬಳೆ ಜಾರಿ ಬಂದು ಕೂಸಿನ ಕೆನ್ನೆಗೆ ತಾಗ್ತಿದ್ದವು.

ಎಂಟನೇ ದಿನ ಕೂಸು ಹಾಲು ಕುಡೀಲಿಲ್ಲ. ಮೈ ತಣ್ಣಗಾಯ್ತು. "ರಕ್ತಕ್ಕೆ ನಂಜು ಏರೈತೆ, ಇಲ್ಲಿಗೆ ಬಂದ ಮೇಲೆ ಹತ್ತಿದ್ದು, ಯಾರ ಕೈಯಿಂದ ಅಂತ ಹೇಳೋಕಾಗಲ್ಲ" ಅಂದ್ರು ಡಾಕ್ಟ್ರು. ಮಾರನೇ ದಿನ ಕೂಸು ಹೋಯ್ತು.

ಬೀಗರು ಆ ಹುಡುಗಿ ಮೇಲೆ ಎಗರಿದ್ರು. ನಾನೂ ಸೇರ್ಕೊಂಡೆ. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ನಾನೇ. "ಹತ್ತು ಕೂಸು ಮುಟ್ಟೋಳು, ನಿನ್ನ ಕೈ ತೊಳ್ಕೊಂಡಿದ್ಯೇನೇ?" ಕೈ ಬೀಸಿದಾಗ ಬಳೆ ಝಲ್ಲಂದವು. ಅವಳು ನನ್ನ ಮುಂಗೈ ನೋಡಿದಳು. ತಿರುಗಿ ಇನ್ನೊಂದು ಕೂಸಿನ ಪೆಟ್ಟಿಗೆ ಹತ್ತಿರ ಹೋದಳು. ಆಮೇಲೆ ಅವಳನ್ನ ಕೆಲಸದಿಂದ ತೆಗೆದ್ರು ಅಂತ ಕೇಳಿದೆ.

ಎರಡು ವರ್ಷಕ್ಕೆ ಮಗಳು ಮತ್ತೆ ಹೆತ್ತಳು. ಹೆಣ್ಣು, ಅದೂ ದಿನ ತುಂಬೋ ಮುಂಚೆ. ಯಾರೂ ಹೇಳದೆ ಆಸ್ಪತ್ರೆ ನಲ್ಲಿ ಹತ್ತಿರ ನಿಂತು ಬಳೆ ಕಳಚಿದೆ, ಗಂಡನ ಕೈಗೆ ಕೊಟ್ಟೆ.

"ಏನೇ, ನಾನಿನ್ನೂ ಸತ್ತಿಲ್ಲ" ಅಂದ.

"ಗೊತ್ತೈತೆ, ಹಿಡ್ಕೊ."

ಸೋಪು ಹಚ್ಚಿದರೆ ಬಳೆ ಇದ್ದ ಜಾಗದಿಂದ ಕರೀ ನೀರು ಇಳೀತು. ನೋಡ್ಕೊಂಡು ನಿಂತುಬಿಟ್ಟೆ.

ಆ ಕೂಸು ಉಳೀತು. ಗಂಡನೂ ಆಮೇಲೆ ಹನ್ನೊಂದು ವರ್ಷ ಗಟ್ಟಿಯಾಗೇ ಇದ್ದ. ಮಗಳು ಇವತ್ತಿಗೂ ಆ ನರ್ಸಿಗೆ ಶಾಪ ಹಾಕ್ತಾಳೆ. ನಾನು ಎದುರಿಗೆ ಕೂತು ಕಡ್ಲೇಕಾಯಿ ಸುಲೀತಿರ್ತೀನಿ. ಬಾಯಲ್ಲಿ ಹೇಳೋ ಧೈರ್ಯ ಬರಲೇ ಇಲ್ಲ. ಅದಕ್ಕೇ ಇದನ್ನ ಬರೆದಿಟ್ಟಿದ್ದೀನಿ, ಅವಳಿಗೆ ಓದೋಕೆ ಬರ್ತದೆ.